ಒನ್ಸೆನ್ ಸ್ನಾನ: ಗಂಡಸರು ಹೆಂಗಸರು ಒಂದೇ ಕೊಳಕ್ಕೆ ಇಳಿಯಬೇಕೇ?

ಪ್ರಶ್ನೆ: ಏಪ್ರಿಲ್‌ನಲ್ಲಿ ಅತ್ತೆ, ಮಾವ ಮತ್ತು ಎಂಟು ವರ್ಷದ ಮಗನೊಂದಿಗೆ ಜಪಾನಿಗೆ ಹೊರಟಿದ್ದೇವೆ. ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನವಿರುವ ‘ರಿಯೋಕಾನ್’ ಎಂಬ ಸಾಂಪ್ರದಾಯಿಕ ವಸತಿಗೃಹವೊಂದರಲ್ಲಿ ಒಂದು ರಾತ್ರಿ ಉಳಿಯುವ ಆಸೆಯಿದೆ. ಆದರೆ ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಬೆತ್ತಲೆಯಾಗಿ ಸ್ನಾನ ಮಾಡಬೇಕಂತೆ. ನಿಜವೇ? ಈಜುಡುಗೆ ತೊಟ್ಟುಕೊಳ್ಳಬಹುದೇ?

ಉತ್ತರ: ಬಟ್ಟೆಯಿಲ್ಲದೆ ಸ್ನಾನ ಮಾಡಬೇಕೆನ್ನುವುದು ನಿಜ. ಗಂಡಸರು ಹೆಂಗಸರು ಒಟ್ಟಿಗೆ ಎನ್ನುವುದು ಸುಳ್ಳು. ಈಜುಡುಗೆಗೆ ಅವಕಾಶವಿಲ್ಲ. ಚೆರ್ರಿ ಹೂವಿನ ಕಾಲ ಹತ್ತಿರವಾದಂತೆಲ್ಲ ಈ ಪ್ರಶ್ನೆ ಬರುತ್ತದೆ, ನಾನು ಈ ಮೂರು ವಾಕ್ಯಗಳನ್ನು ಬರೆದು ಕಳಿಸುತ್ತೇನೆ, ಮರುವರ್ಷ ಅದೇ ಪ್ರಶ್ನೆ ಅದೇ ಆತಂಕದೊಂದಿಗೆ ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ವಿಸ್ತಾರವಾಗಿಯೇ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳುವವರಿಗೆ ದಯವಿಟ್ಟು ಇದನ್ನೇ ತೋರಿಸಿ.

ಮೊದಲು ಆ ಸುಳ್ಳಿನ ಬುಡಕ್ಕೆ ಹೋಗೋಣ, ಏಕೆಂದರೆ ಅದು ಪೂರ್ತಿ ಗಾಳಿಯಿಂದ ಹುಟ್ಟಿದ ಮಾತಲ್ಲ. ಇಂದಿನ ಟೋಕಿಯೊ ಎದೋ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಅಲ್ಲಿನ ಬೀದಿಬೀದಿಯ ಸ್ನಾನಗೃಹಗಳಲ್ಲಿ ಗಂಡಸರೂ ಹೆಂಗಸರೂ ಒಂದೇ ತೊಟ್ಟಿಗೆ ಇಳಿಯುತ್ತಿದ್ದದ್ದು ನಿಜ. ಎರಡು ತೊಟ್ಟಿಗೆ ಎರಡರಷ್ಟು ನೀರು, ಎರಡರಷ್ಟು ಸೌದೆ ಬೇಕಾಗುತ್ತದೆ ಎಂಬ ವ್ಯಾಪಾರದ ಲೆಕ್ಕವೇ ಅದಕ್ಕೆ ದೊಡ್ಡ ಕಾರಣವಾಗಿತ್ತು. 1791ರಲ್ಲಿ, ಮತ್ಸುದೈರಾ ಸದಾನೊಬು ಎಂಬ ಕಟ್ಟುನಿಟ್ಟಿನ ಆಡಳಿತಗಾರನ ಸುಧಾರಣೆಗಳ ಕಾಲದಲ್ಲಿ, ಎದೋ ನಗರದಲ್ಲಿ ಇದನ್ನು ನಿಷೇಧಿಸಲಾಯಿತು. ಆಮೇಲೆಯೂ ಅದೇ ನಿಷೇಧವನ್ನು ಮತ್ತೆ ಮತ್ತೆ ಹೊರಡಿಸಬೇಕಾಗಿ ಬಂದದ್ದನ್ನು ನೋಡಿದರೆ, ಜನ ಅದಕ್ಕೆ ಎಷ್ಟು ಬೆಲೆ ಕೊಟ್ಟರೆಂಬುದು ತಿಳಿಯುತ್ತದೆ. 1854ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿಯ ಹಡಗುಪಡೆ ಶಿಮೋದಾ ಬಂದರಿಗೆ ಬಂದಾಗ ಆ ಜನ ಸಾರ್ವಜನಿಕ ಸ್ನಾನಗೃಹವನ್ನು ಕಂಡು ಬೆಚ್ಚಿದರು. 1856ರಲ್ಲಿ ಪ್ರಕಟವಾದ ಅವರ ಅಧಿಕೃತ ವರದಿಯಲ್ಲಿ ಅದರ ಚಿತ್ರವೂ ಅಚ್ಚಾಯಿತು. ಜಪಾನೀಯರು ಒಟ್ಟಿಗೆ ಸ್ನಾನ ಮಾಡುವ ಜನ ಎಂಬ ಮಾತು ಹೊರಜಗತ್ತಿನಲ್ಲಿ ಬೇರೂರಲು ಇಂಥ ವರದಿಗಳೇ ಸಾಕಾದವು.

ಆದರೆ ಆ ಚಿತ್ರ ಅಚ್ಚಾಗಿ ಒಂದೂವರೆ ಶತಮಾನಕ್ಕಿಂತ ಹೆಚ್ಚಾಯಿತು ಎಂಬುದನ್ನು ನಾವು ಮರೆಯುತ್ತೇವೆ. ಹೊರಗಿನವರ ಕಣ್ಣಿಗೆ ಅನಾಗರಿಕರಂತೆ ಕಾಣಬಾರದೆಂಬ ಹಟ ತೊಟ್ಟಿದ್ದ, ಮೇಜಿ ಚಕ್ರವರ್ತಿಯ ಕಾಲದ ಹೊಸ ಸರ್ಕಾರ 1869ರಿಂದಲೇ ಟೋಕಿಯೊದಲ್ಲಿ ನಿಷೇಧಾಜ್ಞೆಗಳನ್ನು ಹೊರಡಿಸತೊಡಗಿತು. 1900ರ ಹೊತ್ತಿಗೆ ಹನ್ನೆರಡು ವರ್ಷ ದಾಟಿದವರ ಮಿಶ್ರಸ್ನಾನಕ್ಕೆ ದೇಶದಾದ್ಯಂತ ತಡೆ ಬಿತ್ತು. ಇಂದಿನ ನಿಯಮ ಅದಕ್ಕಿಂತ ಬಿಗಿ. ಹತ್ತು ವರ್ಷ ಮೇಲ್ಪಟ್ಟ ಮಕ್ಕಳನ್ನು ಬೇರೆ ಲಿಂಗದವರ ಸ್ನಾನದ ಕಡೆಗೆ ಕರೆದೊಯ್ಯುವಂತಿಲ್ಲ ಎಂದಿದ್ದ ಮಾರ್ಗಸೂಚಿಯನ್ನು ಅಲ್ಲಿನ ಆರೋಗ್ಯ ಸಚಿವಾಲಯ 2020ರ ಕೊನೆಯಲ್ಲಿ ಏಳು ವರ್ಷಕ್ಕೆ ಇಳಿಸಿತು, ಟೋಕಿಯೊ 2022ರಿಂದ ಅದನ್ನೇ ತನ್ನ ಕಾಯ್ದೆಯಾಗಿ ಜಾರಿಗೆ ತಂದಿತು. ಅಂದರೆ ಅಮ್ಮಾ, ನಿಮ್ಮ ಎಂಟು ವರ್ಷದ ಮಗನನ್ನೇ ನಿಮ್ಮ ಜೊತೆ ಹೆಂಗಸರ ಸ್ನಾನಕ್ಕೆ ಕರೆದುಕೊಂಡು ಹೋಗಲು ಬಿಡದ ದೇಶದಲ್ಲಿ, ಅಪರಿಚಿತ ಗಂಡಸರು ನಿಮ್ಮ ಪಕ್ಕದಲ್ಲಿ ಬಂದು ಕೂರುತ್ತಾರೆಂದು ನೀವು ಹೆದರುತ್ತಿದ್ದೀರಿ. ಮಗ ಅಪ್ಪನ ಜೊತೆಗೋ ತಾತನ ಜೊತೆಗೋ ಹೋಗಲಿ.

ಹಾಗಾದರೆ ಮಿಶ್ರಸ್ನಾನ ಎಲ್ಲೂ ಉಳಿದೇ ಇಲ್ಲವೇ ಎಂದು ವಾದಕ್ಕೆ ನಿಲ್ಲುವವರೂ ಇದ್ದಾರೆ. ಉಳಿದಿದೆ. ಅಓಮೊರಿ ಪ್ರಾಂತ್ಯದ ಹಕ್ಕೋದಾ ಬೆಟ್ಟಗಳ ನಡುವಿನ ಸುಕಾಯು, ಅಕಿತಾದ ತ್ಸುರುನೊಯು, 1895ರಲ್ಲಿ ಕಟ್ಟಿದ ಮರದ ಸ್ನಾನಮಂದಿರವಿರುವ ಗುನ್ಮಾದ ಹೋಶಿ, ಇಂಥ ಕೆಲವು ಹಳೆಯ ಜಾಗಗಳಲ್ಲಿ ಪದ್ಧತಿ ಮುಂದುವರಿದಿದೆ. ಅಲ್ಲಿಯೂ ಹೆಂಗಸರಿಗೆ ಮೀಸಲಾದ ಹೊತ್ತೋ ಬೇರೆಯದೇ ಸ್ನಾನಗೃಹವೋ ಇರುತ್ತದೆ. ಸುಕಾಯು, ತ್ಸುರುನೊಯುಗಳ ನೀರಂತೂ ಮಜ್ಜಿಗೆಯ ಬಣ್ಣದ್ದಾಗಿರುವುದರಿಂದ ಇಳಿದ ಮೇಲೆ ಏನೂ ಕಾಣುವುದಿಲ್ಲ. ಇವು ಬೆಟ್ಟದ ಮೂಲೆಗಳಲ್ಲಿವೆ, ತಮ್ಮಲ್ಲಿ ಮಿಶ್ರಸ್ನಾನವಿದೆಯೆಂದು ಮೊದಲೇ ಹೇಳುತ್ತವೆ, ಜನ ಅದಕ್ಕೆಂದೇ ಹುಡುಕಿಕೊಂಡು ಹೋಗುತ್ತಾರೆ. ಹಾಕೋನೆ, ಕುಸಾತ್ಸುಗಳಂಥ ಹೆಸರಾದ ಒನ್ಸೆನ್ ಊರುಗಳಲ್ಲಿ ಕೋಣೆ ಕಾದಿರಿಸಿದ ಕುಟುಂಬವೊಂದು ತಿಳಿಯದೆ ಹೋಗಿ ಸಿಕ್ಕಿಕೊಳ್ಳುವ ಸಂಭವವಿಲ್ಲ.

ಈ ತಪ್ಪು ಕಲ್ಪನೆಯನ್ನು ಜೀವಂತವಾಗಿಟ್ಟಿರುವುದರಲ್ಲಿ ಟೆಲಿವಿಷನ್ನಿನ ಪಾಲೂ ಇದೆ. ಪ್ರವಾಸದ ಕಾರ್ಯಕ್ರಮಗಳಲ್ಲಿ ನಿರೂಪಕರು ಮೈಗೆ ದೊಡ್ಡ ಟವೆಲ್ ಸುತ್ತಿಕೊಂಡು ಹಬೆಯಾಡುವ ನೀರಿನಲ್ಲಿ ನಗುತ್ತಾ ಕುಳಿತಿರುತ್ತಾರೆ. ಚಿತ್ರೀಕರಣಕ್ಕಾಗಿ ಮಾತ್ರ ಟವೆಲ್ ಬಳಸಲಾಗಿದೆ ಎಂಬ ಸಾಲು ಪರದೆಯ ಅಂಚಿನಲ್ಲಿ ಜಪಾನೀ ಲಿಪಿಯಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮವರಿಗೆ ಅದನ್ನು ಓದಲು ಬರುವುದಿಲ್ಲವಾದ್ದರಿಂದ, ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ ಮತ್ತು ಟವೆಲ್ ಸುತ್ತಿಕೊಂಡರೆ ಸಾಕು ಎಂಬ ಎರಡು ತಪ್ಪುಗಳನ್ನು ಒಂದೇ ದೃಶ್ಯದಿಂದ ಕಲಿತು ಹೊರಡುತ್ತಾರೆ.

ಬಟ್ಟೆ ಏಕೆ ಬೇಡವೆಂದರೆ, ಆ ನೀರು ಎಲ್ಲರಿಗೂ ಸೇರಿದ್ದು. ನಮ್ಮ ಹಳೆಯ ಬಚ್ಚಲುಮನೆಗಳಲ್ಲಿ ಸೋಪು ಹಚ್ಚಿದ ಕೈಯನ್ನು ಹಂಡೆಯೊಳಗೆ ಅದ್ದಿದರೆ ಅಜ್ಜಿಯಂದಿರು ಸುಮ್ಮನೆ ಬಿಡುತ್ತಿರಲಿಲ್ಲ. ಒನ್ಸೆನ್ ಕೊಳವನ್ನು ಆ ಹಂಡೆ ಎಂದುಕೊಳ್ಳಿ, ಮಿಕ್ಕ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಮೈ ತೊಳೆಯುವುದು ಕೊಳದ ಹೊರಗೆ, ಗೋಡೆಯುದ್ದಕ್ಕೂ ಸಾಲಾಗಿರುವ ನಲ್ಲಿಗಳ ಮುಂದೆ, ಪುಟ್ಟ ಸ್ಟೂಲಿನ ಮೇಲೆ ಕುಳಿತು. ಸೋಪಿನ ನೊರೆಯೆಲ್ಲ ಹೋದ ಮೇಲೆ, ಉದ್ದ ಕೂದಲಿದ್ದವರು ಅದನ್ನು ಎತ್ತಿ ಕಟ್ಟಿಕೊಂಡು, ನಿಧಾನವಾಗಿ ಕೊಳಕ್ಕೆ ಇಳಿಯಬೇಕು. ಕೊಳವಿರುವುದು ನೆನೆಯುವುದಕ್ಕೇ ಹೊರತು ತಿಕ್ಕಿಕೊಳ್ಳುವುದಕ್ಕಾಗಲಿ ಈಜುವುದಕ್ಕಾಗಲಿ ಅಲ್ಲ. ಕೊಟ್ಟಿರುವ ಚಿಕ್ಕ ಟವೆಲ್ ನಡೆದಾಡುವಾಗ ಮುಂದೆ ಹಿಡಿದುಕೊಳ್ಳಲು. ನೀರಿಗೆ ಇಳಿದಾಗ ಅದನ್ನು ತಲೆಯ ಮೇಲೋ ದಂಡೆಯ ಮೇಲೋ ಇಡಬೇಕು, ಅದ್ದಬಾರದು. ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಇರುತ್ತದೆ, ಆದ್ದರಿಂದ ಮೊದಲ ಸಲ ಹತ್ತು ನಿಮಿಷ ಧಾರಾಳವಾಯಿತು.

ಈ ವಿಷಯದಲ್ಲಿ ನಮ್ಮವರ ನಿಜವಾದ ಸಂಕೋಚ ಅಪರಿಚಿತರದ್ದಲ್ಲ ಎಂಬುದು ನನ್ನ ಅನುಮಾನ. ಗುರುತಿಲ್ಲದ ಜಪಾನೀ ಅಜ್ಜಿಯ ಎದುರು ಬಟ್ಟೆ ಕಳಚುವುದು ಎರಡು ನಿಮಿಷದ ಮುಜುಗರ; ಅತ್ತೆಯ ಎದುರು ಸೊಸೆ, ಅಪ್ಪನ ಎದುರು ಬೆಳೆದ ಮಗ ಹಾಗೆ ನಿಲ್ಲುವುದು ನಮ್ಮ ಮನೆಗಳಲ್ಲಿ ಜೀವನಪೂರ್ತಿ ನಡೆಯದ ಸಂಗತಿ. ಅದಕ್ಕೆ ಪರಿಹಾರ ಸುಲಭವಾಗಿದೆ. ಒಬ್ಬರು ಊಟಕ್ಕೆ ಮೊದಲು ಹೋಗಿ, ಇನ್ನೊಬ್ಬರು ಬೆಳಿಗ್ಗೆ ಬೇಗ ಹೋಗಿ. ಅದೂ ಆಗದೆಂದರೆ ‘ಕಾಶಿಕಿರಿ’ ಕೇಳಿ: ಬಾಗಿಲಿಗೆ ಅಗುಳಿ ಹಾಕಿಕೊಂಡು ನಿಮ್ಮ ಕುಟುಂಬವಷ್ಟೇ ಬಳಸುವ ಚಿಕ್ಕ ಸ್ನಾನಗೃಹ ಅದು, ಮುಕ್ಕಾಲು ಗಂಟೆಯ ಆಸುಪಾಸಿನ ಅವಧಿಗೆ ಕಾದಿರಿಸಬಹುದು. ಕೆಲವೆಡೆ ಉಚಿತ, ಕೆಲವೆಡೆ ಕೆಲವು ಸಾವಿರ ಯೆನ್. ಗಂಡ, ಹೆಂಡತಿ, ಮಗು ಒಟ್ಟಿಗೆ ಇಳಿಯಬೇಕೆಂದರೂ ಇದೇ ದಾರಿ. ಕೋಣೆಗೆ ಹೊಂದಿಕೊಂಡಂತೆ ಸ್ವಂತ ಕೊಳವಿರುವ ರಿಯೋಕಾನ್‌ಗಳೂ ಇವೆ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರುತ್ತದೆ. ಈಜುಡುಗೆ ತೊಟ್ಟೇ ತೀರಬೇಕೆನ್ನುವವರಿಗೆ ಹಾಕೋನೆಯಲ್ಲಿ ಯುನೆಸ್ಸನ್ ಎಂಬ ಜಲಕ್ರೀಡೆಯ ತಾಣವಿದೆ. ಅದು ರಿಯೋಕಾನ್ ಅನುಭವವಲ್ಲ.

ನೀವು ನಿಜಕ್ಕೂ ಎಚ್ಚರ ವಹಿಸಬೇಕಾದ, ಆದರೆ ಯಾರೂ ಕೇಳದ ಸಂಗತಿ ಬೇರೆಯಿದೆ. ಬಾಗಿಲಲ್ಲಿ ತೂಗುವ ‘ನೋರೆನ್’ ಪರದೆ ಸಾಧಾರಣವಾಗಿ ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಅನೇಕ ರಿಯೋಕಾನ್‌ಗಳಲ್ಲಿ ಎರಡೂ ಕಡೆಯ ಕೊಳಗಳನ್ನು ಎಲ್ಲರೂ ನೋಡಲೆಂದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಪರದೆಗಳನ್ನು ಅದಲುಬದಲು ಮಾಡುತ್ತಾರೆ. ನಿನ್ನೆ ಸಂಜೆ ಎಡಗಡೆಗೆ ಹೋಗಿದ್ದೆನೆಂದು ಇಂದು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಎಡಗಡೆಗೇ ನುಗ್ಗಿದರೆ, ನೀವು ಹೆದರುತ್ತಿದ್ದ ಮಿಶ್ರಸ್ನಾನವನ್ನು ನೀವೇ ಆರಂಭಿಸಿದಂತಾಗುತ್ತದೆ. ಬಣ್ಣವನ್ನಷ್ಟೇ ನಂಬಬೇಡಿ, ಪರದೆಯ ಮೇಲಿನ ಎರಡು ಅಕ್ಷರ ಕಲಿಯಿರಿ: ತಲೆಯ ಮೇಲೆ ನಾಲ್ಕು ಮನೆಯ ಚೌಕವಿರುವುದು (男) ಗಂಡಸರದ್ದು, ಕಾಲು ಅಡ್ಡಹಾಕಿಕೊಂಡಂತೆ ಗೆರೆಗಳು ಹಾಯುವುದು (女) ಹೆಂಗಸರದ್ದು.

ಉಳಿದ ಪ್ರಶ್ನೆಗಳಿಗೆ ಚುಟುಕಾಗಿ. ದರ ಕೋಣೆಗಲ್ಲ, ತಲೆಗೆ. ರಾತ್ರಿಯ ಮತ್ತು ಬೆಳಗಿನ ಊಟ ಅದರಲ್ಲೇ ಸೇರಿರುತ್ತದೆ, ಮೇಲೆ ತಲೆಗೆ ಸಾಮಾನ್ಯವಾಗಿ 150 ಯೆನ್ ಸ್ನಾನ ತೆರಿಗೆ ಬೀಳುತ್ತದೆ. ರಾತ್ರಿಯ ಊಟ ಆರು, ಆರೂವರೆಗೇ ಬರುವುದರಿಂದ ಮಧ್ಯಾಹ್ನ ಮೂರರಿಂದ ಐದರೊಳಗೆ ತಲುಪಿ. ಎಂಟು ಗಂಟೆಗೆ ಬಂದರೆ ಊಟ ಸಿಗುವುದಿಲ್ಲ. ಸಸ್ಯಾಹಾರಿಗಳು ‘ಮಾಂಸ, ಮೀನು ಬೇಡ’ ಎಂದಷ್ಟೇ ಹೇಳಿ ಸುಮ್ಮನಾಗಬಾರದು, ಏಕೆಂದರೆ ಒಣಮೀನಿನಿಂದ ತೆಗೆದ ‘ದಾಶಿ’ ಎಂಬ ರಸವನ್ನು ಅಲ್ಲಿ ಯಾರೂ ಮೀನೆಂದು ಎಣಿಸುವುದಿಲ್ಲ, ಮತ್ತು ಅದು ಸಾರು, ಪಲ್ಯ, ಅದ್ದಿಕೊಳ್ಳುವ ರಸ ಎಲ್ಲದರಲ್ಲೂ ಇರುತ್ತದೆ. ಕೋಣೆ ಕಾದಿರಿಸುವಾಗಲೇ ದಾಶಿಯ ಹೆಸರೆತ್ತಿ ಕೇಳಬೇಕು. ಮನೆಯ ಹಿರಿಯರು ಕಟ್ಟುನಿಟ್ಟಾದವರಾದರೆ ಕೋಯಾ ಬೆಟ್ಟದ ಬೌದ್ಧ ಮಠಗಳ ವಸತಿಯೇ ಮೇಲು. ಅಲ್ಲಿನದು ಸಸ್ಯಾಹಾರದ ‘ಶೋಜಿನ್’ ಊಟ, ಮತ್ತು ಫುಕುಚಿ-ಇನ್ ಎಂಬ ಮಠದಲ್ಲಿ ಒನ್ಸೆನ್ ಕೂಡ ಇದೆ.

ನಿಮ್ಮ ಅತ್ತೆಯವರ ಕೈಮೇಲೆ ಹಳೆಯ ಕಾಲದ ಹಚ್ಚೆಯಿದ್ದರೆ ಅದನ್ನೂ ಮೊದಲೇ ತಿಳಿಸಿ. ಅಲ್ಲಿ ಹಚ್ಚೆಯೆಂದರೆ ‘ಯಾಕೂಜಾ’ ಪಾತಕಿಗಳ ನೆನಪು. 2015ರಲ್ಲಿ ಪ್ರವಾಸೋದ್ಯಮ ಇಲಾಖೆ ವಸತಿಗೃಹಗಳನ್ನು ಕೇಳಿದಾಗ ಉತ್ತರಿಸಿದವರಲ್ಲಿ ಶೇಕಡ 56ರಷ್ಟು ಮಂದಿ ಹಚ್ಚೆಯುಳ್ಳವರನ್ನು ಸ್ನಾನಕ್ಕೆ ಬಿಡುವುದಿಲ್ಲವೆಂದರು. 2013ರಲ್ಲಿ ಮುಖದ ಮೇಲೆ ಸಾಂಪ್ರದಾಯಿಕ ಹಚ್ಚೆಯಿದ್ದ, ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಮಹಿಳೆಯೊಬ್ಬರನ್ನು ಹೊಕ್ಕಾಯ್ದೊದಲ್ಲಿ ತಡೆದದ್ದು ದೊಡ್ಡ ಸುದ್ದಿಯಾಗಿತ್ತು. ಮುಂಗೈಯ ಚಿಕ್ಕ ಹಚ್ಚೆಯಾದರೆ ಚರ್ಮದ ಬಣ್ಣದ ಸ್ಟಿಕ್ಕರ್ ಅಂಟಿಸಿಕೊಳ್ಳಬಹುದು. ಅದೂ ಬೇಡವೆಂದರೆ ಮೇಲೆ ಹೇಳಿದ ಕಾಶಿಕಿರಿ ಇದೆಯಲ್ಲ.

ಇಷ್ಟೆಲ್ಲ ಕೇಳುವವರು ನೀರಿನ ಬಗ್ಗೆ ಮಾತ್ರ ಒಂದು ಮಾತೂ ಕೇಳುವುದಿಲ್ಲ ಎಂಬುದು ನನ್ನ ಹಳೆಯ ಕೊರಗು. ಅಷ್ಟು ಹಣ ಕೊಟ್ಟು ಇಳಿಯುವ ನೀರು ನಿಜವಾಗಿಯೂ ಬುಗ್ಗೆಯದೇ? 1948ರ ಒನ್ಸೆನ್ ಕಾಯ್ದೆಯ ಪ್ರಕಾರ ನೆಲದಿಂದ ಹೊಮ್ಮುವ ಅಥವಾ ಎತ್ತಿದ ನೀರು 25 ಡಿಗ್ರಿ ಇದ್ದರೆ ಸಾಕು. ಅದಕ್ಕಿಂತ ತಣ್ಣಗಿದ್ದರೂ ಕಾಯ್ದೆ ಪಟ್ಟಿ ಮಾಡಿರುವ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ ಅದು ಒನ್ಸೆನ್. ಅಂತರ್ಜಲದ ಉಷ್ಣತೆ ಬಹುಮಟ್ಟಿಗೆ ಆ ಊರಿನ ವರ್ಷದ ಸರಾಸರಿ ಉಷ್ಣತೆಯಷ್ಟೇ ಇರುವುದರಿಂದ, ಮಂಗಳೂರು, ರಾಯಚೂರುಗಳ ಎಷ್ಟೋ ಬೋರ್‌ವೆಲ್‌ಗಳು ಜಪಾನಿನಲ್ಲಿದ್ದಿದ್ದರೆ ಈ ಅಳತೆಯಲ್ಲಿ ಸಲೀಸಾಗಿ ಪಾಸಾಗುತ್ತಿದ್ದವು. ಚಳಿಯ ನಾಡಿನಲ್ಲಿ 25 ಡಿಗ್ರಿಯೆಂದರೆ ಭೂಮಿಯ ಒಳಗಿನ ಕಾವು ಸೇರಿದೆಯೆಂದರ್ಥ, ಆದ್ದರಿಂದ ಕಾಯ್ದೆಯಲ್ಲಿ ತಪ್ಪಿಲ್ಲ. ಆದರೆ ಅಂಥ ನೀರನ್ನು ಬಾಯ್ಲರಿನಲ್ಲಿ ಕಾಯಿಸದೆ ಸ್ನಾನ ಮಾಡಲಾಗುವುದಿಲ್ಲ ಎಂಬುದು ತಿಳಿದಿರಲಿ. ಕುಸಾತ್ಸುವಿನಲ್ಲಿ ಇದರ ತಿರುವುಮುರುವು. ಅಲ್ಲಿನ ಮೂಲದ ನೀರು ಮುಟ್ಟಲಾಗದಷ್ಟು ಸುಡುವುದರಿಂದ, ತಣ್ಣೀರು ಬೆರೆಸಿ ಸತ್ವ ಕೆಡಿಸುವ ಬದಲು ಉದ್ದನೆಯ ಹಲಗೆಗಳಿಂದ ಮಗುಚಿ ಮಗುಚಿ ಆರಿಸುವ ಪದ್ಧತಿ ಬೆಳೆಯಿತು.

ಬುಗ್ಗೆಯಿಂದ ನೇರ ಹರಿದು ಬಂದು ಕೊಳ ತುಂಬಿ ಹೊರಹೋಗುವ ನೀರಿಗೆ ‘ಗೆನ್ಸೆನ್ ಕಾಕೆನಾಗಾಶಿ’ ಎನ್ನುತ್ತಾರೆ. ಒನ್ಸೆನ್ ಪ್ರಿಯರು ಹುಡುಕುವುದು ಇದನ್ನೇ. ಬುಗ್ಗೆ ಚಿಕ್ಕದಾಗಿ ಅತಿಥಿಗಳು ಹೆಚ್ಚಾದಾಗ ಅದೇ ನೀರನ್ನು ಸೋಸಿ, ಕ್ಲೋರಿನ್ ಬೆರೆಸಿ ಮತ್ತೆ ಹರಿಸಬೇಕಾಗುತ್ತದೆ. ಕ್ಲೋರಿನ್ ವಾಸನೆಗೆ ಮೂಗು ಮುರಿಯುವವರು 2002ರಲ್ಲಿ ಮಿಯಾಜಾಕಿ ಪ್ರಾಂತ್ಯದ ಹ್ಯೂಗಾದಲ್ಲಿ ಸ್ನಾನದ ನೀರಿನಿಂದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿ ಏಳು ಮಂದಿ ಸತ್ತದ್ದನ್ನು ತಿಳಿದಿರಬೇಕು. ಕ್ಲೋರಿನ್‌ನಲ್ಲಿ ಮೋಸವಿಲ್ಲ, ಅದನ್ನು ಮುಚ್ಚಿಟ್ಟರೆ ಮೋಸ. 2004ರಲ್ಲಿ, ಹಾಲುಬಣ್ಣದ ನೀರಿಗೆ ಹೆಸರಾದ ನಾಗಾನೊ ಪ್ರಾಂತ್ಯದ ಶಿರಾಹೊನೆಯಲ್ಲಿ ಕೆಲವು ಕೊಳಗಳಿಗೆ ಬಣ್ಣ ಬರಿಸುವ ಸ್ನಾನದ ಪುಡಿ ಬೆರೆಸುತ್ತಿದ್ದರೆಂಬುದು ಬಯಲಾಗಿ ದೇಶವೇ ಗದ್ದಲ ಮಾಡಿತು. ಮರುವರ್ಷವೇ ನಿಯಮ ಬದಲಾಯಿತು. ಬೇರೆ ನೀರು ಸೇರಿಸಿದ್ದೇವೆಯೇ, ಕಾಯಿಸಿದ್ದೇವೆಯೇ, ಸೋಸಿ ಮರುಬಳಸುತ್ತಿದ್ದೇವೆಯೇ, ಪುಡಿಯನ್ನೋ ಸೋಂಕುನಾಶಕವನ್ನೋ ಹಾಕಿದ್ದೇವೆಯೇ ಎಂಬುದನ್ನು ಬರೆದು ತೂಗುಹಾಕುವುದು ಅಂದಿನಿಂದ ಕಡ್ಡಾಯ.

ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಹಾಳೆಯೊಂದು ಇರುವುದು ಅದಕ್ಕೇ. ಮೂಲದ ಹೆಸರು, ಅಲ್ಲಿನ ಉಷ್ಣತೆ, ಆಮ್ಲೀಯತೆ, ಕರಗಿರುವ ಲವಣಗಳು, ಎಲ್ಲವೂ ಅದರಲ್ಲಿರುತ್ತವೆ. ಹತ್ತು ವರ್ಷಕ್ಕೊಮ್ಮೆ ನೀರನ್ನು ಮರುಪರೀಕ್ಷೆ ಮಾಡಿಸಲೇಬೇಕು. ಸ್ನಾನಗೃಹದಲ್ಲಿ ಮೊಬೈಲ್ ಕ್ಯಾಮೆರಾ ಹೊರತೆಗೆಯುವುದು ನಿಷಿದ್ಧವಾದ್ದರಿಂದ ಅದರ ಅನುವಾದವನ್ನು ಹೊರಗೆ ಕೌಂಟರಿನಲ್ಲಿ ಕೇಳಿ ತಿಳಿಯಿರಿ. ಯಾವ ಕಾಯಿಲೆಯವರು ಇಳಿಯಬಾರದು ಎಂಬ ಪಟ್ಟಿಯೂ ಜೊತೆಗಿರುತ್ತದೆ, ನಿಮ್ಮ ಮಾವನವರಿಗೆ ಹೃದಯದ ತೊಂದರೆಯೇನಾದರೂ ಇದ್ದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. ಹಿಂದೆ ಆ ಪಟ್ಟಿಯಲ್ಲಿ ಗರ್ಭಿಣಿಯರೂ ಇದ್ದರು. ಅದಕ್ಕೆ ವೈದ್ಯಕೀಯ ಆಧಾರವಿಲ್ಲವೆಂದು 2014ರಲ್ಲಿ ಪರಿಸರ ಸಚಿವಾಲಯವೇ ಆ ಸಾಲನ್ನು ತೆಗೆದುಹಾಕಿತು.