ಹೊಸ ಬ್ಯಾಟರಿ ಹಾಕಿಸುವ ಮೊದಲು ಡೈನಮೋ ನೋಡಿ

ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಎಳೆಯುವುದಿಲ್ಲ, ಟಿಕ್ ಟಿಕ್ ಸದ್ದು ಅಷ್ಟೇ. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಂಡು ನೇರ ಬ್ಯಾಟರಿ ಅಂಗಡಿಗೆ ಓಡುತ್ತಾರೆ. ಹೊಸ ಬ್ಯಾಟರಿ ಬರುತ್ತದೆ, ಒಂದಷ್ಟು ದಿನ ಎಲ್ಲ ಸರಿ, ಆಮೇಲೆ ಮತ್ತೆ ಅದೇ ಟಿಕ್ ಟಿಕ್. ಆಗ ನಮ್ಮ ಹತ್ತಿರ ಬಂದು "ಅಣ್ಣ, ಡೂಪ್ಲಿಕೇಟ್ ಬ್ಯಾಟರಿ ಕೊಟ್ಟುಬಿಟ್ಟಿದ್ದಾರೆ ನೋಡಿ" ಅನ್ನುತ್ತಾರೆ. ಹಾಸನದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವ ನನಗೆ ಇದು ದಿನನಿತ್ಯದ ಮಾತು. ಎಷ್ಟೋ ಸಲ ಬ್ಯಾಟರಿದು ಏನೂ ತಪ್ಪಿರುವುದಿಲ್ಲ, ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಡೈನಮೋ ಕಡೆ ತೊಂದರೆ ಇರುತ್ತದೆ. ಬೋರ್‌ವೆಲ್ ಮೋಟರ್ ಸುಟ್ಟಿರುವಾಗ ಟ್ಯಾಂಕರ್ ತರಿಸಿ ಸಂಪ್ ತುಂಬಿಸಿದ ಹಾಗೆ ಅದು.

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಮೇಲೆ 12.6 ವೋಲ್ಟ್ ಬಂದರೆ ಅದು ತುಂಬಿದೆ. 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಖಾಲಿ ಅಂತಲೇ ತಿಳಿಯಿರಿ. ಈಗ ಸೆಲ್ಫ್ ಹೊಡೆಯುವಾಗ ನೋಡಿ. ಆ ಕ್ಷಣಕ್ಕೆ ವೋಲ್ಟ್ ಇಳಿಯುತ್ತದೆ, ಆದರೆ ತುಂಬಿದ ಬ್ಯಾಟರಿ ಕೂಡ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯ ಮೇಲೆಯೇ ಅನುಮಾನ ಪಡಬಹುದು. ಎಂಜಿನ್ ಓಡುವಾಗ ಹಳೆಯ ಮಾದರಿಯ ಕಾರುಗಳಲ್ಲಿ 13.8ರಿಂದ 14.5ರ ಒಳಗೆ ಇರಬೇಕು. ಇದನ್ನು ಸುಮ್ನೆ ಐಡಲ್‌ನಲ್ಲಿ ನೋಡಿ ಸರಿ ಇದೆ ಅನ್ನಬೇಡಿ. ಹೆಡ್‌ಲೈಟ್, ಬ್ಲೋವರ್, ಎಸಿ ಎಲ್ಲ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ನೋಡಿ. ಲೋಡ್ ಬಿದ್ದಾಗ 13ಕ್ಕಿಂತ ಕೆಳಗೆ ಜಾರಿದರೆ ಆಲ್ಟರ್ನೇಟರ್, ಅಂದರೆ ನಮ್ಮ ಬಾಯಲ್ಲಿ ಡೈನಮೋ, ಸೋತಿದೆ ಅಥವಾ ಅದರ ಕರೆಂಟು ಬ್ಯಾಟರಿವರೆಗೆ ಬರುತ್ತಿಲ್ಲ.

ಈ ಎರಡನೆಯದನ್ನೇ ಜಾಸ್ತಿ ಜನ ಮರೆಯುವುದು. ಕರಾವಳಿ ಕಡೆಯಿಂದ ಘಾಟಿ ಹತ್ತಿ ಬಂದ ಒಂದು ಕಾರಿತ್ತು, ಬೇರೆ ಕಡೆ ಆಲ್ಟರ್ನೇಟರ್ ಬದಲಾಯಿಸಿದ್ದರು, ಬ್ಯಾಟರಿಯೂ ಹೊಸದು, ಆದರೂ ಬ್ಯಾಟರಿ ಮೇಲೆ 13.2 ಅಷ್ಟೇ. ಮೀಟರನ್ನು ಆಲ್ಟರ್ನೇಟರ್‌ನ ದಪ್ಪ ವೈರಿನ ಬೋಲ್ಟ್‌ಗೂ ಅದರ ಬಾಡಿಗೂ ಇಟ್ಟರೆ 14.2 ಬಂತು. ಅಂದರೆ ಅದು ತನ್ನ ಕೆಲಸ ಮಾಡುತ್ತಲೇ ಇದೆ, ನಡುವೆ ಒಂದು ವೋಲ್ಟ್ ಎಲ್ಲೋ ಕಳೆದುಹೋಗುತ್ತಿದೆ ಅಲ್ವಾ? ಮೀಟರಿನ ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಆಲ್ಟರ್ನೇಟರ್ ಬಾಡಿ ಮೇಲೆ ಇಟ್ಟೆವು. ಲೈಟ್ ಹಾಕಿ ನೋಡಿದರೆ 0.9. ಅಲ್ಲಿ 0.2ಕ್ಕಿಂತ ಜಾಸ್ತಿ ಬರಬಾರದು. ಎಂಜಿನ್ನನ್ನು ಕಾರಿನ ಬಾಡಿ ಜೊತೆ ಜೋಡಿಸುವ ಅರ್ಥ್ ಪಟ್ಟಿ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು, ಬಿಚ್ಚಿದರೆ ಬೋಲ್ಟಿನ ಕೆಳಗೆಲ್ಲ ಹಸಿರು ಪುಡಿ. ಉಪ್ಪುಗಾಳಿಯ ಕೆಲಸ. ಉಜ್ಜಿ, ಹೊಸ ಪಟ್ಟಿ ಹಾಕಿದೆವು, ಮುಗಿಯಿತು. ಪಾಸಿಟಿವ್ ಕಡೆಗೂ ಇದೇ ರೀತಿ ನೋಡಬೇಕು, ಅಲ್ಲಿ ಸಾಮಾನ್ಯವಾಗಿ ದೊಡ್ಡ ಫ್ಯೂಸ್‌ನ ಸ್ಕ್ರೂ ಲೂಸಾಗಿ ಬಿಸಿಯಾಗಿ ಕಪ್ಪಾಗಿರುತ್ತದೆ.

ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟ್ ವಿಚಾರ ಬೇಗ ಮುಗಿಸುತ್ತೇನೆ. ಮಳೆಗಾಲದಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ಕೀಯ್ ಅಂತ ಕಿರುಚಿ ಆಮೇಲೆ ಸುಮ್ಮನಾದರೆ ಬೆಲ್ಟ್ ಜಾರುತ್ತಿದೆ. ಹೊಸ ಬೆಲ್ಟ್ ಹಾಕಿ, ಅದನ್ನು ಬಿಗಿಹಿಡಿಯುವ ಟೆನ್ಷನರ್ ನೋಡಿ. ಸೋಪು, ಪೌಡರ್ ಹಚ್ಚುವ ಉಪಾಯ ಬೇಡ.

ರಾತ್ರಿ ಬ್ಯಾಟರಿ ಕೂರುತ್ತದೆ, ಹಗಲು ಓಡಿಸಿದಾಗ ಚಾರ್ಜಿಂಗ್ ಹೆಚ್ಚುಕಮ್ಮಿ ಇದೆ, ಇಂಥ ಕೇಸು ಬಂದರೆ ನನಗೆ ಡಯೋಡ್ ಪ್ಲೇಟ್ ನೆನಪಾಗುತ್ತದೆ. ಆಲ್ಟರ್ನೇಟರ್ ಒಳಗೆ ಹುಟ್ಟುವುದು ಎಸಿ ಕರೆಂಟು, ಅದನ್ನು ಡಿಸಿ ಮಾಡುವುದು ಡಯೋಡ್‌ಗಳು, ಎಂಜಿನ್ ನಿಂತಾಗ ಬ್ಯಾಟರಿಯಿಂದ ಕರೆಂಟು ವಾಪಸ್ ಒಳಗೆ ಹೋಗದಂತೆ ತಡೆಯುವುದೂ ಅವೇ. ಪಾಸಿಟಿವ್ ಕಡೆಯ ಒಂದು ಡಯೋಡ್ ಶಾರ್ಟ್ ಆದರೆ, ಹಳೆಯ ಮಾದರಿಯ ಕೆಲವು ಆಲ್ಟರ್ನೇಟರ್‌ಗಳಲ್ಲಿ ಕರೆಂಟು ಫೀಲ್ಡ್ ಡಯೋಡ್‌ಗಳ ದಾರಿ ಹಿಡಿದು ರೋಟರ್‌ಗೆ, ಅಂದರೆ ಒಳಗೆ ತಿರುಗುವ ಸುರುಳಿಗೆ, ಹರಿಯುತ್ತಲೇ ಇರುತ್ತದೆ, ಮೂರು ನಾಲ್ಕು ಆಂಪಿಯರ್, ಇಡೀ ರಾತ್ರಿ. 35 ಎಎಚ್ (ಆಂಪಿಯರ್-ಅವರ್) ಬ್ಯಾಟರಿಗೆ ಅಷ್ಟು ಸಾಕು ಬೆಳಗಾಗುವಷ್ಟರಲ್ಲಿ ಮಲಗಲು. ಕಂಡುಹಿಡಿಯುವುದು ಸುಲಭ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಆಲ್ಟರ್ನೇಟರ್ ಮುಟ್ಟಿ ನೋಡಿ, ಎಂಜಿನ್ ತಣ್ಣಗಿದ್ದು ಅದೊಂದು ಬೆಚ್ಚಗಿದ್ದರೆ ಸಿಕ್ಕಿಬಿತ್ತು. ಕೀ ತೆಗೆದ ಮೇಲೂ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಮಂಕಾಗಿ ಉರಿಯುತ್ತಿದ್ದರೂ ಅದೇ ಕಥೆ. ಇನ್ನೊಂದು, ಎಂಜಿನ್ ಆಫ್ ಇರುವಾಗ ಒಂದು ಸ್ಕ್ರೂಡ್ರೈವರ್ ತುದಿಯನ್ನು ಪುಲ್ಲಿಯ ನಟ್ ಹತ್ತಿರ ಹಿಡಿಯಿರಿ. ಕೀ ಆಫ್ ಇದ್ದರೂ ಚೆನ್ನಾಗಿ ಎಳೆದುಕೊಂಡರೆ ರೋಟರ್‌ನಲ್ಲಿ ಕರೆಂಟು ಹರಿದು ಅದು ಅಯಸ್ಕಾಂತವಾಗಿದೆ ಅಂತ ಅರ್ಥ. ಕೀ ಆನ್ ಮಾಡಿದಾಗ ಒಂಚೂರಾದರೂ ಎಳೆದರೆ ರೋಟರ್‌ಗೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್, ರೋಟರ್ ಜೀವಂತ ಇವೆ ಎಂದೇ ಲೆಕ್ಕ. ಮೀಟರ್ ಇರುವವರು ಎಂಜಿನ್ ಓಡುವಾಗ ಮೀಟರನ್ನು ಎಸಿ ವೋಲ್ಟ್ ರೇಂಜಿಗೆ ಹಾಕಿ ಬ್ಯಾಟರಿ ಮೇಲೆ ನೋಡಬಹುದು. 0.1 ವೋಲ್ಟ್ ಒಳಗಿದ್ದರೆ ಒಳ್ಳೆಯದು, ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ.

ಡಯೋಡ್ ಸರಿ ಇದ್ದೂ ಬ್ಯಾಟರಿ ಕೂತರೆ ಬೇರೆಲ್ಲೋ ಸೋರುತ್ತಿದೆ. ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಜಿಪಿಎಸ್ ಡಬ್ಬಿ, ಇವುಗಳ ಮೇಲೆ ನನಗೆ ಮೊದಲು ಅನುಮಾನ. ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಬ್ಯಾಟರಿಯಿಂದ ಹೋಗುವ ಕರೆಂಟು ಅಳೆದರೆ 50 ಮಿಲಿಆಂಪಿಯರ್ ಒಳಗಿರಬೇಕು.

ಚಾರ್ಜಿಂಗ್ ಬಂದುಹೋಗಿ ಮಾಡುತ್ತಿದ್ದರೆ, ಆಲ್ಟರ್ನೇಟರನ್ನು ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಬ್ಯಾಟರಿ ದೀಪ ಆರಿಹೋದರೆ, ಕಾರ್ಬನ್ ಬ್ರಷ್ ಸವೆದಿದೆ. ಅದಕ್ಕೆ ಇಡೀ ಯೂನಿಟ್ ಬದಲಾಯಿಸಬೇಕಿಲ್ಲ. ಬ್ರಷ್ ಉಜ್ಜುವ ಸ್ಲಿಪ್ ರಿಂಗ್ ಸವೆದಿಲ್ಲದಿದ್ದರೆ, ಬ್ರಷ್, ಬೇರಿಂಗ್ ಹಾಕಿದ ಮೇಲೆ ಇನ್ನೂ ಒಳ್ಳೆಯ ಆಯಸ್ಸು ಇರುತ್ತದೆ. ಬಹಳಷ್ಟು ಕಡೆ "ಪೂರ್ತಿ ಬದಲಾಯಿಸಿ" ಅನ್ನುತ್ತಾರೆ, ಬಿಚ್ಚಿ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ.

ವೋಲ್ಟ್ 15 ದಾಟಿ ಅಲ್ಲೇ ನಿಂತರೆ ಅದು ಉಲ್ಟಾ ರೋಗ, ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ನೀರು ಬೇಗ ಬೇಗ ಕಡಿಮೆಯಾಗುತ್ತದೆ, ಬಲ್ಬ್‌ಗಳು ಒಂದರ ಹಿಂದೊಂದು ಹೋಗುತ್ತವೆ. ಅಂಥ ಗಾಡಿಯನ್ನು ಓಡಿಸಬೇಡಿ.

ಹೊಸ ಕಾರುಗಳಲ್ಲಿ ಮಾತ್ರ ಈ ಅಂಕಿಗಳನ್ನು ಹಾಗೇ ಹಾಕಲು ಹೋಗಬೇಡಿ. ಈಗಿನ ಬಹಳಷ್ಟು ಕಾರುಗಳಲ್ಲಿ ಎಷ್ಟು ಚಾರ್ಜ್ ಮಾಡಬೇಕು ಅಂತ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ತೀರ್ಮಾನಿಸುತ್ತದೆ. ಸಮ ರಸ್ತೆಯಲ್ಲಿ ಓಡುವಾಗ 12.7 ತೋರಿಸಿ, ಇಳಿಜಾರಿನಲ್ಲಿ ಕಾಲು ತೆಗೆದ ಕೂಡಲೇ 14.8ಕ್ಕೆ ಏರುವುದು ರೋಗವಲ್ಲ, ಅದು ಡೀಸೆಲ್ ಪೆಟ್ರೋಲ್ ಉಳಿಸುವ ಲೆಕ್ಕ. ಇವುಗಳ ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಕೂತಿದ್ದರೆ ಜಂಪ್ ಕೇಬಲ್ಲಿನ ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿಗೆ ಹಾಕದೆ ಎಂಜಿನ್ ಅಥವಾ ಬಾಡಿಯ ಅರ್ಥ್‌ಗೆ ಹಾಕಿ.

ಈಗಲೂ ಕೆಲವರು ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು "ನೋಡಿ ಸಾರ್, ಗಾಡಿ ನಿಲ್ಲಲಿಲ್ಲ, ಡೈನಮೋ ಸೂಪರ್" ಅನ್ನುತ್ತಾರೆ. ಅಂಬಾಸಿಡರ್ ಕಾಲಕ್ಕೆ ನಡೆಯಿತು. ಬ್ಯಾಟರಿ ಕಳಚಿದ ಆ ಕ್ಷಣದಲ್ಲಿ ವೋಲ್ಟ್ ಹಲವು ಪಟ್ಟು ಜಿಗಿಯುತ್ತದೆ, ಇಸಿಯು ಸುಟ್ಟರೆ ಆ ಬಿಲ್ಲಿನ ಮುಂದೆ ಆಲ್ಟರ್ನೇಟರ್ ಬೆಲೆ ಚಿಲ್ಲರೆ. ಯಾರಾದರೂ ಟರ್ಮಿನಲ್‌ಗೆ ಸ್ಪ್ಯಾನರ್ ಹಾಕಿದರೆ ಕೈ ಹಿಡಿದು ನಿಲ್ಲಿಸಿ.

ದಾರಿ ಮಧ್ಯೆ ಬ್ಯಾಟರಿಯ ಕೆಂಪು ದೀಪ ಬಂತು, ಆಗೇನು? ಟೆಂಪರೇಚರ್ ಕಡೆ ಮೊದಲು ಕಣ್ಣು ಹಾಯಿಸಿ, ಯಾಕೆಂದರೆ ಕೆಲವು ಎಂಜಿನ್‌ಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ, ಬೆಲ್ಟ್ ಹರಿದಿದ್ದರೆ ಎಂಜಿನ್ ಕಾಯುತ್ತದೆ, ಅಲ್ಲೇ ನಿಲ್ಲಿಸಿ. ಬೆಲ್ಟ್ ಇದ್ದರೆ ಎಸಿ, ಬ್ಲೋವರ್, ಮ್ಯೂಸಿಕ್, ಫೋನ್ ಚಾರ್ಜರ್ ಎಲ್ಲ ಬಂದ್ ಮಾಡಿ, ಎಂಜಿನ್ ಆಫ್ ಮಾಡದೆ ಹತ್ತಿರದ ಊರು ಸೇರಿಕೊಳ್ಳಿ. ಹಗಲಾದರೆ ಸಾಕಷ್ಟು ದೂರ ಹೋಗಬಹುದು. ರಾತ್ರಿ ಶಿರಾಡಿ ಘಾಟಿಯ ಮಳೆಯಲ್ಲಿ ಹೆಡ್‌ಲೈಟ್, ವೈಪರ್ ಎರಡೂ ಬೇಕೇ ಬೇಕು, ಸಣ್ಣ ಕಾರಿನ ಬ್ಯಾಟರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಸಿಕ್ಕರೆ ದೊಡ್ಡದು. ಸ್ಟೀರಿಂಗ್ ಭಾರವಾಗಲು ಶುರುವಾಯಿತು, ಬ್ರೇಕಿನ ಎಬಿಎಸ್ ದೀಪವೂ ಹತ್ತಿತು ಅಂದರೆ ಇನ್ನು ಹೆಚ್ಚು ಹೊತ್ತಿಲ್ಲ, ತಿರುವು ಇಲ್ಲದ ಅಗಲ ಜಾಗ ನೋಡಿ ಬದಿಗೆ ಹಾಕಿಬಿಡಿ.