ಸಜ್ಜೆಯ ದಾಯಾದಿ ಈ ಕೆಂಪು ಹುಲ್ಲು

ಬೆಂಗಳೂರಿನ ಐಟಿ ಕ್ಯಾಂಪಸ್ಸುಗಳಲ್ಲಿ, ಅಪಾರ್ಟ್‌ಮೆಂಟುಗಳ ಗೇಟಿನ ಪಕ್ಕದಲ್ಲಿ ಸೊಂಟದೆತ್ತರ ಬೆಳೆದು, ನರಿಬಾಲದಂಥ ತೆನೆಗಳನ್ನು ಸುತ್ತಲೂ ಬಾಗಿಸಿ ನಿಂತ ಕಡುಗೆಂಪು ಹುಲ್ಲನ್ನು ನೋಡಿರುತ್ತೀರಿ. ನರ್ಸರಿಯವರು ಪರ್ಪಲ್ ಫೌಂಟನ್ ಗ್ರಾಸ್ ಎನ್ನುವುದು ಇದನ್ನೇ. ತಳಿಯ ಹೆಸರು ರುಬ್ರಮ್. ಆ ತೆನೆ ಕಂಡು ಉತ್ತರ ಕರ್ನಾಟಕದವರಿಗೆ ಸಜ್ಜೆಯ ಹೊಲ ನೆನಪಾದರೆ ಅದು ಸರಿಯೇ. ಸಜ್ಜೆ, ದನಕ್ಕೆ ಹಾಕುವ ನೇಪಿಯರ್, ಈ ಅಲಂಕಾರದ ಹುಲ್ಲು ಮೂರೂ ಒಂದೇ ಕುಲದವು. ಪೆನ್ನಿಸೆಟಮ್ ಎಂದಿದ್ದ ಆ ಕುಲವನ್ನು 2010ರಲ್ಲಿ ಸಸ್ಯವಿಜ್ಞಾನಿಗಳು ಸೆಂಕ್ರಸ್‌ನೊಳಗೆ ಸೇರಿಸಿದರು. ಮಾರಾಟದ ಚೀಟಿಗಳಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಒಂದು ತೆನೆ ಕಿತ್ತು ಹತ್ತಿರದಿಂದ ನೋಡಿ. ನವಿರಾದ ಆ ರೋಮಗಳು ಹೂವಲ್ಲ, ಹೂ ಬಿಡದೆ ಬರಡಾದ ಕಿರುಗವಲುಗಳು. ನಿಜವಾದ ಹೂಗಳು ಅವುಗಳ ಬುಡದಲ್ಲಿ ಅಡಗಿರುತ್ತವೆ. ಕಾಡುಹುಲ್ಲಿನಲ್ಲಿ ಬೀಜ ಬಲಿತಾಗ ರೋಮದ ಸಮೇತ ಕಳಚಿ, ಗಾಳಿಗೆ ತೇಲಿ, ಪ್ರಾಣಿಗಳ ಮೈಗೆ ಅಂಟಿ ಊರೂರು ಸುತ್ತುತ್ತದೆ. ಸಜ್ಜೆಯಲ್ಲಿ ಹೀಗೆ ಉದುರುವ ಗುಣವನ್ನು ಆಫ್ರಿಕದ ರೈತರು ಸಾವಿರಾರು ವರ್ಷಗಳ ಹಿಂದೆಯೇ ಆರಿಸಿ ಆರಿಸಿ ಕಳೆದರು. ಇಲ್ಲದಿದ್ದರೆ ಕಾಳು ಕಣಕ್ಕೆ ಬರುತ್ತಲೇ ಇರಲಿಲ್ಲ.

ಕೆಂಪು ತಳಿಗೆ ಹಸಿರು ಎಲೆಯ ನಂಟ ಒಂದಿದೆ, ಸೆಂಕ್ರಸ್ ಸೆಟೇಸಿಯಸ್. ಉತ್ತರ ಹಾಗೂ ಪೂರ್ವ ಆಫ್ರಿಕ ಮತ್ತು ಅರಬ್ ನಾಡುಗಳ ಒಣಭೂಮಿ ಅದರ ತವರು. ತೊಂದರೆಯೆಲ್ಲ ಅದರದ್ದೇ. ಬೇರೆ ಗಿಡದ ಪರಾಗದ ಹಂಗಿಲ್ಲದೆ ಬೀಜ ಕಟ್ಟುವುದರಿಂದ ಒಂದೇ ಗಿಡ ಇಡೀ ಗುಡ್ಡಕ್ಕೆ ಸಾಕು. ಅಂದಕ್ಕೆಂದು ಹವಾಯಿಗೆ ಒಯ್ದದ್ದು ಅಲ್ಲಿನ ಲಾವಾ ಬಯಲುಗಳನ್ನೇ ಆಕ್ರಮಿಸಿತು. ಒಣಗಿದ ಸೋಗೆ ಬೆಂಕಿಗೆ ಮೇವು. ಸುಟ್ಟ ಮೇಲೆ ಹುಲ್ಲು ಬುಡದಿಂದ ಮತ್ತೆ ಚಿಗುರುತ್ತದೆ, ಬೆಂಕಿ ಕಂಡರಿಯದ ಸ್ಥಳೀಯ ಒಣಕಾಡಿನ ಮರಗಳು ಹಾಗೆ ಚಿಗುರುವುದಿಲ್ಲ. 2017ರಲ್ಲಿ ಯುರೋಪಿಯನ್ ಒಕ್ಕೂಟ ಇದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಹಾಕಿತು. ನನ್ನನ್ನು ಕೇಳಿದರೆ, ಎಷ್ಟೇ ಚೆಂದವಿದ್ದರೂ ಹಸಿರಿನದನ್ನು ಮನೆಗೆ ತರಬೇಡಿ.

ರುಬ್ರಮ್ ಬೀಜ ಕಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬುಡ ಸೀಳಿಯೇ ಸಸಿ ಮಾಡಬೇಕು. ಮುಂಗಾರು ಹಿಡಿದ ಮೇಲೆ ಬುಡವನ್ನು ಗುದ್ದಲಿಯಿಂದ ಎಬ್ಬಿಸಿ, ಪ್ರತಿ ತುಂಡಿನಲ್ಲೂ ಬೇರಿನ ಜೊತೆ ನಾಲ್ಕೈದು ತೆಂಡೆ ಇರುವಂತೆ ಸೀಳಿ, ಎರಡು ಅಡಿ ಅಂತರದಲ್ಲಿ ನೆಡಿ. ಸೀಳಿದ ತುಂಡುಗಳ ಎಲೆಯನ್ನು ಅರ್ಧಕ್ಕೆ ಕತ್ತರಿಸಿದರೆ ಬೇರು ಹಿಡಿಯುವ ತನಕ ಬಾಡುವುದು ತಪ್ಪುತ್ತದೆ. ನೀರು ನಿಲ್ಲದ ಮಣ್ಣು ಮುಖ್ಯ. ಅದಕ್ಕಿಂತ ಮುಖ್ಯ ಬಿಸಿಲು: ಎಲೆಯ ಕೆಂಪು ಆಂಥೋಸಯನಿನ್ ಎಂಬ ವರ್ಣಕದ್ದು, ನೆರಳಿನಲ್ಲಿ ಅದು ಕುಂದಿ ಗಿಡ ಹಸಿರಾಗಿ ಸೊರಗುತ್ತದೆ. ಯೂರಿಯಾ ಸುರಿಯಬೇಡಿ, ಕಾಂಡ ಸಡಿಲವಾಗಿ ಮಳೆಗೆ ಮಲಗಿಬಿಡುತ್ತದೆ. ವರ್ಷಕ್ಕೊಮ್ಮೆ ಒಂದಿಷ್ಟು ಕೊಟ್ಟಿಗೆ ಗೊಬ್ಬರ ಸಾಕು. ಚಳಿ ಮುಗಿದಾಗ ನೆಲದಿಂದ ಗೇಣುದ್ದ ಬಿಟ್ಟು ಕೊಯ್ದರೆ ಹೊಸ ಎಲೆ ದಟ್ಟವಾಗಿ ಬರುತ್ತದೆ. ಎರಡು ಮೂರು ವರ್ಷಕ್ಕೆ ಬುಡದ ನಡುಭಾಗ ಒಣಗತೊಡಗುತ್ತದೆ. ಮತ್ತೆ ಸೀಳುವ ಹೊತ್ತು ಅದು.

ಉಪಯೋಗ ಹೆಚ್ಚೇನಿಲ್ಲ: ರಸ್ತೆ ವಿಭಜಕ, ಕುಂಡ, ಹೂದಾನಿಗೆ ಒಣತೆನೆ. ತೆನೆಯನ್ನು ಪೂರ್ತಿ ಬಿಚ್ಚುವ ಮೊದಲೇ ಕೊಯ್ದು ತಲೆಕೆಳಗಾಗಿ ತೂಗುಹಾಕಬೇಕು, ಬಲಿತದ್ದಾದರೆ ಮನೆತುಂಬ ಉದುರುತ್ತದೆ. ಇಳಿಜಾರಿನ ಮಣ್ಣು ಹಿಡಿಯಲೂ ನೆಡುತ್ತಾರೆ, ಆದರೆ ಆ ಕೆಲಸಕ್ಕೆ ಆಳಕ್ಕೆ ಬೇರಿಳಿಸುವ ನಮ್ಮ ಲಾವಂಚವೇ ಮೇಲು. ಇನ್ನು, ಆನ್‌ಲೈನ್‌ನಲ್ಲಿ ಕೆಂಪು ಹುಲ್ಲಿನ ಚಿತ್ರ ಹಾಕಿ ಬೀಜದ ಪೊಟ್ಟಣ ಮಾರುವವರಿದ್ದರೆ ಕೊಳ್ಳಬೇಡಿ. ಮೊಳೆತರೆ ಬರುವುದು ರುಬ್ರಮ್ ಆಗಿರಲಾರದು.