ರೈಲು ಬಿಟ್ಟ ಜಾಗ, ಸೈಕಲ್ಲಿನ ಪಾಲು

ಆಲ್ಪ್ಸ್ ಪರ್ವತದಲ್ಲಿ ಸೈಕಲ್ ಎಂದೊಡನೆ ಬಹುತೇಕರಿಗೆ ನೆನಪಾಗುವುದು ಟಿ.ವಿ.ಯಲ್ಲಿ ಕಂಡ ಸ್ಪರ್ಧೆ. ರಸ್ತೆಯ ಎರಡೂ ಬದಿ ಹಿಮದ ರಾಶಿ, ಮುಗಿಯದ ತಿರುವುಗಳು, ಪೆಡಲಿನ ಮೇಲೆ ಎದ್ದು ನಿಂತು ಏದುಸಿರು ಬಿಡುವ ಸವಾರ. ಇಟಲಿಯ ಸ್ಟೆಲ್ವಿಯೊ ಘಾಟಿ ಈ ಚಿತ್ರಕ್ಕೆ ಹೇಳಿ ಮಾಡಿಸಿದ ಜಾಗ. ಆಗ ತನ್ನ ಕೈಯಲ್ಲಿದ್ದ ಉತ್ತರ ಇಟಲಿಯ ಲೊಂಬಾರ್ಡಿಯ ಮೇಲಿನ ಹಿಡಿತ ಗಟ್ಟಿಯಾಗಿರಲಿ ಎಂದು ಆಸ್ಟ್ರಿಯಾ ಸಾಮ್ರಾಜ್ಯ 1820ರ ದಶಕದಲ್ಲಿ ಕಡಿಸಿದ ರಸ್ತೆ ಅದು. 2,750 ಮೀಟರಿಗೂ ಮೇಲಕ್ಕೆ ಏರುತ್ತದೆ; ಒಂದು ಬದಿಯಲ್ಲೇ 48 ಹಿಮ್ಮುರಿ ತಿರುವುಗಳು. ಜಿರೊ ದಿ ಇಟಾಲಿಯಾ ಸ್ಪರ್ಧೆ 1953ರಲ್ಲಿ ಮೊದಲ ಬಾರಿಗೆ ಅದನ್ನು ಹತ್ತಿತು. ಆ ದಿನ ಅಲ್ಲಿ ಎದುರಾಳಿಯನ್ನು ಹಿಂದಿಕ್ಕಿದ ಫೌಸ್ಟೊ ಕೊಪ್ಪಿ ಆ ವರ್ಷದ ಪ್ರಶಸ್ತಿಯನ್ನೂ ಗೆದ್ದುಕೊಂಡ.

ಆದರೆ ಬೇಸಿಗೆ ರಜೆಗೆ ಸೈಕಲ್ ಹೊತ್ತು ಆಲ್ಪ್ಸ್‌ಗೆ ಬರುವವರೆಲ್ಲ ಕೊಪ್ಪಿಯ ವಂಶದವರಲ್ಲ. ಹಿಂದಿನ ಚಕ್ರದ ಎರಡೂ ಬದಿಗೆ ಚೀಲ ಕಟ್ಟಿಕೊಂಡ ದಂಪತಿ, ಎಂಟು ವರ್ಷದ ಮಗುವನ್ನು ಮುಂದೆ ಬಿಟ್ಟು ಹಿಂದೆ ಬರುವ ತಂದೆ, ನಿವೃತ್ತರ ಗುಂಪು. ಇವರು ಸಾಗುವುದು ಘಾಟಿಯ ನೆತ್ತಿಯಲ್ಲಲ್ಲ, ಕಣಿವೆಯ ತಳದಲ್ಲಿ. ದಿನವಿಡೀ ಸಾಗಿದರೂ ಬಹುಪಾಲು ಹಾದಿಯಲ್ಲಿ ಕಾರು, ಲಾರಿಯ ಕಾಟವಿಲ್ಲ. ಪ್ರವಾಸೋದ್ಯಮ ಇಲಾಖೆಗಳ ಕರಪತ್ರ ಓದಿದರೆ ಇದೆಲ್ಲ ಯಾರೋ ದೂರದೃಷ್ಟಿಯುಳ್ಳವರು ಸೈಕಲ್ಲಿಗಾಗಿಯೇ ಕಟ್ಟಿಸಿದ ಹಾದಿ ಎಂದು ತೋರುತ್ತದೆ. ಚಕ್ರದ ಕೆಳಗಿನ ನೆಲದ ಇತಿಹಾಸ ಬೇರೆಯೇ ಇದೆ.

ಆಲ್ಪ್ಸ್‌ನಲ್ಲಿ ಬೆಟ್ಟಕ್ಕೆ ಬರವಿಲ್ಲ, ಬರವಿರುವುದು ಸಮತಟ್ಟಾದ ನೆಲಕ್ಕೆ. ಕಣಿವೆಯ ತಳದ ಆ ಕಿರಿದಾದ ಪಟ್ಟಿಯಲ್ಲಿ ಮೊದಲು ನದಿ, ಅದರ ಪಕ್ಕ ಊರು ಮತ್ತು ಹೊಲ, ನಂತರ ಹಳೆಯ ಹೆದ್ದಾರಿ, 19ನೇ ಶತಮಾನದಲ್ಲಿ ರೈಲು, 20ನೇ ಶತಮಾನದಲ್ಲಿ ಮೋಟಾರು ಹೆದ್ದಾರಿ. ಆಸ್ಟ್ರಿಯಾ ಮತ್ತು ಇಟಲಿಯ ನಡುವಿನ ಬ್ರೆನ್ನರ್ ದಾರಿಯೊಂದರಲ್ಲೇ ಈಗ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಲಾರಿಗಳು ದಾಟುತ್ತವೆ. ಈ ಪೈಪೋಟಿಯಲ್ಲಿ ಸೈಕಲ್ಲಿಗೆಂದು ಹೊಸ ಜಾಗ ಬಿಟ್ಟುಕೊಡುವ ಉದಾರಿಗಳು ಯಾರೂ ಇರಲಿಲ್ಲ. ಬೇರೊಬ್ಬರು ಬೇಡವೆಂದು ಬಿಟ್ಟದ್ದೇ ಅದರ ಪಾಲಿಗೆ ಬಂತು. ಹೆಚ್ಚಿನ ಕಡೆ ಹಾಗೆ ಬಿಟ್ಟುಹೋದದ್ದು ರೈಲು.

ಡಾಲಮೈಟ್ ಬೆಟ್ಟಗಳ ನಡುವಿನ ಕೊರ್ಟಿನಾ ಪಟ್ಟಣವನ್ನೇ ನೋಡಿ. ಮೊದಲ ಮಹಾಯುದ್ಧದಲ್ಲಿ ಎರಡೂ ಕಡೆಯ ಸೇನೆಗಳು ಸಾಮಾನು ಸಾಗಿಸಲು ಹಾಕಿದ ಹಳಿಗಳನ್ನೇ ಜೋಡಿಸಿ, 1921ರಲ್ಲಿ ಕಲಾಲ್ಟ್ಸೊದಿಂದ ಕೊರ್ಟಿನಾ ಮೂಲಕ ದೊಬ್ಬಿಯಾಕೊಗೆ ಜನರ ರೈಲು ಬಿಟ್ಟರು. 1956ರ ಚಳಿಗಾಲದ ಒಲಿಂಪಿಕ್ಸ್ ಕೊರ್ಟಿನಾದಲ್ಲಿ ನಡೆದಾಗ ಪ್ರೇಕ್ಷಕರನ್ನು ಹೊತ್ತು ತಂದದ್ದು ಇದೇ ಪುಟ್ಟ ರೈಲು. ಎಂಟೇ ವರ್ಷಕ್ಕೆ, 1964ರಲ್ಲಿ, ಅದಕ್ಕೆ ಬೀಗ ಬಿತ್ತು. ಮನೆಮನೆಗೆ ಕಾರು ಬರುತ್ತಿದ್ದ ಕಾಲ ಅದು. ಅತ್ತ ಫಿಯೆಮ್ಮೆ ಕಣಿವೆಯ ಯುದ್ಧಕಾಲದ ರೈಲು ಒಂದು ವರ್ಷ ಮೊದಲೇ ನಿಂತುಹೋಗಿತ್ತು. ಕೊರ್ಟಿನಾದ ಹಳಿ ಕಿತ್ತ ಜಾಗದಲ್ಲಿ ಇಂದು ಬೇಸಿಗೆಯಲ್ಲಿ ಸೈಕಲ್ಲುಗಳು, ದೊಬ್ಬಿಯಾಕೊ ಕಡೆಯ ಭಾಗದಲ್ಲಿ ಚಳಿಗಾಲಕ್ಕೆ ಸ್ಕೀ ಓಟಗಾರರು. ನಡುವಿನ ಚಿಮಾಬಾಂಕೆ ಘಾಟಿ 1,530 ಮೀಟರ್ ಎತ್ತರದಲ್ಲಿದ್ದರೂ ಮಕ್ಕಳು ಅದನ್ನು ದಾಟಿಬಿಡುತ್ತಾರೆ. 2026ರ ಒಲಿಂಪಿಕ್ಸ್‌ಗೆ ಕೊರ್ಟಿನಾ ಮತ್ತೆ ಆತಿಥೇಯ ಪಟ್ಟಣವಾಯಿತು; ರೈಲು ಮಾತ್ರ ಬರಲಿಲ್ಲ.

ಮಕ್ಕಳು ಘಾಟಿ ದಾಟುವುದರ ಗುಟ್ಟು ರೈಲಿನ ದೌರ್ಬಲ್ಯದಲ್ಲಿದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಬೇಗ ಜಾರುತ್ತದೆ. ಭಾರ ಎಳೆಯುವ ಹಬೆಯಂತ್ರಕ್ಕೆ ನೂರು ಮೀಟರಿಗೆ ಎರಡೂವರೆ ಮೀಟರ್ ಏರುವುದೂ ದೊಡ್ಡ ಸಾಹಸ. ಹಾಗಾಗಿ ಎಂಜಿನಿಯರುಗಳು ಏರನ್ನು ತಪ್ಪಿಸಲು ಹಣ ಸುರಿದರು. ಗುಡ್ಡ ಅಡ್ಡ ಬಂದರೆ ಸುರಂಗ, ಹಳ್ಳ ಬಂದರೆ ಕಮಾನು ಸೇತುವೆ, ತಗ್ಗಿಗೆ ಒಡ್ಡು. ಅವರು ಎಂಜಿನ್ನಿಗೆ ಉಳಿಸಿದ ಶ್ರಮ ನೂರು ವರ್ಷದ ನಂತರ ಸೈಕಲ್ ಸವಾರನ ಮೊಣಕಾಲಿಗೆ ಉಳಿತಾಯವಾಯಿತು. ಇಂದು ಬರೀ ಸೈಕಲ್ಲಿಗಾಗಿ ಇಂಥ ದಾರಿ ಕಟ್ಟುತ್ತೇವೆಂದು ಯಾವ ಸರ್ಕಾರದ ಮುಂದೆ ಅಂದಾಜು ಪಟ್ಟಿ ಇಟ್ಟರೂ ಮಂಜೂರಾಗುವುದಿಲ್ಲ.

ಎಲ್ಲ ದಾರಿಯೂ ರೈಲಿನದ್ದೇ ಎನ್ನುವಂತಿಲ್ಲ. ಬೊಲ್ಜಾನೊದಿಂದ ವೆರೋನಾ ಕಡೆಗೆ ಇಳಿಯುವ ಆದಿಜೆ ಕಣಿವೆಯ ಹಾದಿ ಬಹಳ ದೂರ ನದಿಯ ಏರಿಯ ಮೇಲೆಯೇ ಸಾಗುತ್ತದೆ. ಪದೇ ಪದೇ ಪ್ರವಾಹಕ್ಕೆ ಸಿಕ್ಕುತ್ತಿದ್ದ ಜವುಗು ಕಣಿವೆಯನ್ನು ಕಾಯಲು 19ನೇ ಶತಮಾನದಲ್ಲಿ ನದಿಯನ್ನು ನೇರ ಮಾಡಿ ಕಟ್ಟಿದ ಏರಿ ಅದು. ಎರಡೂ ಬದಿ ಸೇಬಿನ ತೋಟ. ತೋಟದವರ ಟ್ರ್ಯಾಕ್ಟರುಗಳಿಗೂ ಅಲ್ಲಲ್ಲಿ ಇದೇ ದಾರಿ. ನಕ್ಷೆ ನೋಡಿ ದಕ್ಷಿಣಕ್ಕೆ ಇಳಿಜಾರೇ ಅಲ್ಲವೇ ಎಂದು ಬೆಳಗ್ಗೆ ನಿಧಾನವಾಗಿ ತಿಂಡಿ ತಿಂದು ಹೊರಟವರಿಗೆ ಮಧ್ಯಾಹ್ನ ಗಾರ್ದಾ ಸರೋವರದ ಕಡೆಯಿಂದ ಬೀಸುವ ಓರಾ ಗಾಳಿ ಎದುರಾಗುತ್ತದೆ. ಆ ಗಾಳಿಯಲ್ಲಿ ಇಳಿಜಾರೂ ಏರಿನಂತೆಯೇ.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಇಟಲಿಯ ಈಶಾನ್ಯ ಮೂಲೆಯ ಫೆಲ್ಲಾ ನದಿಯ ಕಣಿವೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಿಂದ ಆಡ್ರಿಯಾಟಿಕ್ ಕಡಲ ತೀರದ ಗ್ರಾದೊವರೆಗೆ ಸುಮಾರು 410 ಕಿ.ಮೀ. ಉದ್ದದ ಆಲ್ಪೆ ಆದ್ರಿಯಾ ಸೈಕಲ್ ಮಾರ್ಗದ ಅತ್ಯಂತ ಸೊಗಸಾದ ತುಂಡು ಇಲ್ಲಿದೆ. 1866ರ ಯುದ್ಧದ ನಂತರ ವೆನಿಸ್ ಪ್ರಾಂತ್ಯ ಇಟಲಿಗೆ ಸೇರಿದಾಗ ಗಡಿ ಬಂದು ನಿಂತದ್ದು ಪೊಂಟೆಬ್ಬಾದ ಒಂದು ತೊರೆಯ ಮೇಲೆ. ತೊರೆಯ ಈಚೆ ಇಟಲಿಯ ಪೊಂಟೆಬ್ಬಾ, ಆಚೆ ಆಸ್ಟ್ರಿಯಾದ ಪೊಂಟಾಫೆಲ್. 1879ರಲ್ಲಿ ಎರಡೂ ದೇಶಗಳ ಹಳಿಗಳು ಇಲ್ಲಿ ಕೂಡಿದವು. ವಿಯೆನ್ನಾದಿಂದ ವೆನಿಸ್‌ಗೆ ನೇರ ದಾರಿಯಾಯಿತು. ಮೊದಲ ಮಹಾಯುದ್ಧ ಮುಗಿದಾಗ ತಾರ್ವೀಸಿಯೊ ಸಹಿತ ಮೇಲಿನ ಕಣಿವೆ ಇಟಲಿಯ ಪಾಲಾಗಿ ಗಡಿ ಪೂರ್ವಕ್ಕೆ ಸರಿಯಿತು.

ಇಕ್ಕಟ್ಟಿನ ಕಣಿವೆ, ಒಂಟಿ ಹಳಿ, ಮೇಲಿನಿಂದ ಉರುಳುವ ಬಂಡೆ. ಸಾಲದ್ದಕ್ಕೆ 1976ರ ಮೇ 6ರ ರಾತ್ರಿ ಫ್ರಿಯೂಲಿ ಪ್ರಾಂತ್ಯದಲ್ಲಿ ಭೂಕಂಪವಾಗಿ ಸಾವಿರದ ಹತ್ತಿರ ಜನ ಸತ್ತರು. ಸೆಪ್ಟೆಂಬರಿನಲ್ಲಿ ನೆಲ ಮತ್ತೆ ನಡುಗಿ ಅಳಿದುಳಿದದ್ದನ್ನೂ ಕೆಡವಿತು. ಕಣಿವೆಯ ಬಾಯಲ್ಲಿರುವ ವೆನ್ಜೋನೆ ಊರಿನವರು ತಮ್ಮ ಚರ್ಚಿನ ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿ ಅದನ್ನು ಮೊದಲಿದ್ದಂತೆಯೇ ಎಬ್ಬಿಸಿದರು. ಅದೇ ಕಾಲಕ್ಕೆ ಕಣಿವೆಯ ಸಂಚಾರವೂ ಹೊಸ ರೂಪ ಪಡೆಯುತ್ತಿತ್ತು. 1986ರ ಹೊತ್ತಿಗೆ ಮೋಟಾರು ಹೆದ್ದಾರಿ ಗಡಿ ಮುಟ್ಟಿತು. ರೈಲಿಗೆ ಬೆಟ್ಟದ ಹೊಟ್ಟೆಯಲ್ಲಿ ಉದ್ದುದ್ದ ಸುರಂಗ ಕೊರೆದು ಜೋಡಿ ಹಳಿ ಹಾಕಿದರು. 1995ರಿಂದ 2000ದ ನಡುವೆ ರೈಲುಗಳೆಲ್ಲ ಹಂತಹಂತವಾಗಿ ಅಲ್ಲಿಗೆ ಹೋದವು. ಕಬ್ಬಿಣದ ಸೇತುವೆ, ಸುರಂಗ, ನಿಲ್ದಾಣ, ಒಡ್ಡು, ಎಲ್ಲವನ್ನೂ ಹೊತ್ತು ಹಳೆಯ ಮಾರ್ಗ ಬಿಸಿಲಿಗೆ ಬಿದ್ದಿತ್ತು. ನಂತರದ ವರ್ಷಗಳಲ್ಲಿ ತುಂಡು ತುಂಡಾಗಿ ಅದರ ಮೇಲೆ ಡಾಂಬರು ಬಂತು. 2015ರಲ್ಲಿ ಆಮ್‌ಸ್ಟರ್‌ಡಾಮ್‌ನ ಸೈಕಲ್ ಮೇಳದಲ್ಲಿ ಆಲ್ಪೆ ಆದ್ರಿಯಾ ವರ್ಷದ ಸೈಕಲ್ ಮಾರ್ಗ ಎಂಬ ಪ್ರಶಸ್ತಿ ಪಡೆಯಿತು.

ತಾರ್ವೀಸಿಯೊ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಕೆಳಗಿನ ಊದಿನೆ ನಗರ ನೂರು ಮೀಟರಿಗಿಂತ ತುಸು ಮೇಲೆ. ದಕ್ಷಿಣಮುಖವಾಗಿ ಹೊರಟವರಿಗೆ ಪೆಡಲ್ ನೆಪಕ್ಕಷ್ಟೇ. ಬಲಕ್ಕೊಮ್ಮೆ ಎಡಕ್ಕೊಮ್ಮೆ ಫೆಲ್ಲಾ ನದಿ ಬಿಳಿ ಉರುಟುಗಲ್ಲುಗಳ ಅಗಲ ಪಾತ್ರದಲ್ಲಿ ಹಸಿರು ನೀಲಿ ಎಳೆಗಳಾಗಿ ಹರಿಯುತ್ತದೆ. ಜುಲೈ ಬಿಸಿಲಿನಲ್ಲಿ ಸುರಂಗ ಹೊಕ್ಕರೆ ಮೈ ಜುಮ್ಮೆನ್ನುವಷ್ಟು ತಂಪು. ತಂಪು ಕನ್ನಡಕ ತೆಗೆಯಲು ಮರೆತವರಿಗೆ ಒಳಗೆ ದೀಪವಿದ್ದರೂ ಮೊದಲ ಕೆಲವು ಗಜ ಏನೂ ಕಾಣುವುದಿಲ್ಲ. ಆಚೆ ಬಂದರೆ ಎತ್ತರದ ಸೇತುವೆ, ಮತ್ತೆ ಸುರಂಗ. ಕ್ಯೂಸಾಫೋರ್ಟೆಯಲ್ಲಿ ಹಳೆಯ ರೈಲು ನಿಲ್ದಾಣವೇ ಈಗ ಸವಾರರ ತಂಗುದಾಣ. ಹಿಂದೆ ಪ್ರಯಾಣಿಕರು ಗಾಡಿ ಕಾಯುತ್ತಿದ್ದ ಪ್ಲಾಟ್‌ಫಾರ್ಮಿನ ಬದಿಯಲ್ಲಿ ಸೈಕಲ್ ಒರಗಿಸಿ ಜನ ಕಾಫಿ ಕುಡಿಯುತ್ತಾರೆ.

ಪ್ರಶಸ್ತಿ ಬಂದ ಮಾರ್ಗಕ್ಕೂ ತೂತುಗಳಿದ್ದವು. ರೆಸಿಯೂತ್ತಾದ ಕೆಳಗೆ ವೆನ್ಜೋನೆ ಕಡೆಗೆ ಹೋಗುವಾಗ ಹಲವು ವರ್ಷ ಸವಾರರು ರಾಜ್ಯ ಹೆದ್ದಾರಿಗೆ ಇಳಿಯಲೇಬೇಕಿತ್ತು. ಕಿಲೋಮೀಟರುಗಳ ಲೆಕ್ಕದಲ್ಲಿ ಅದು ಅತ್ಯಲ್ಪ, ನಿಜ. ಆದರೆ ಮಗುವನ್ನು ಕರೆದುಕೊಂಡು ಬಂದ ತಾಯಿ ಇಡೀ ಮಾರ್ಗವನ್ನು ಅಳೆಯುವುದು ಅದರ ಅತಿ ಕೆಟ್ಟ ತುಂಡಿನಿಂದ. ನಾನೂರು ಕಿಲೋಮೀಟರಿನ ಹೊಗಳಿಕೆಯಲ್ಲಿ ಇಂಥ ತುಂಡುಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುವ ಅಭ್ಯಾಸ ಎಲ್ಲ ಪ್ರವಾಸೋದ್ಯಮ ಕಚೇರಿಗಳಿಗೂ ಇದೆ. ಮಾರ್ಗದ ಉತ್ತರ ಭಾಗದಲ್ಲಿ, ಆಸ್ಟ್ರಿಯಾದಲ್ಲಿ, ಇನ್ನೊಂದು ಅಡ್ಡಿ: ಟೌರ್ನ್ ಪರ್ವತಸಾಲಿನಲ್ಲಿ ಸೈಕಲ್ಲಿಗೆ ಬೇರೆ ದಾರಿಯಿಲ್ಲದೆ, 1909ರಲ್ಲಿ ತೆರೆದ ಸುಮಾರು ಎಂಟೂವರೆ ಕಿ.ಮೀ. ಉದ್ದದ ಸುರಂಗವನ್ನು ರೈಲಿನಲ್ಲೇ ದಾಟಬೇಕು. ಆದರೆ ಇದನ್ನು ಯಾರೂ ದೂರುವುದಿಲ್ಲ. ಹತ್ತು ಹನ್ನೊಂದು ನಿಮಿಷದಲ್ಲಿ ಒಂದು ಪರ್ವತಸಾಲು ಹಿಂದೆ ಬಿದ್ದಿರುತ್ತದೆ.

ಇಷ್ಟು ಹೊಗಳಿದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ರೈಲು ಹೋದದ್ದರಿಂದ ಕಳೆದುಕೊಂಡವರು ಯಾರು? ಇಟಲಿಯ ಸ್ವಾಯತ್ತ ಪ್ರಾಂತ್ಯವಾದ ದಕ್ಷಿಣ ಟೈರೋಲಿನ ವೆನೊಸ್ಟಾ ಕಣಿವೆಯಲ್ಲಿ ಈ ಪ್ರಶ್ನೆಯನ್ನು ಜನ ಬಿಡಲಿಲ್ಲ. 1906ರಲ್ಲಿ ಮೆರಾನೊದಿಂದ ಮಾಲೆಸ್‌ಗೆ ಹಾಕಿದ 60 ಕಿ.ಮೀ. ಮಾರ್ಗವನ್ನು ಇಟಲಿಯ ಸರ್ಕಾರಿ ರೈಲ್ವೆ 1990ರ ಆಸುಪಾಸಿನಲ್ಲಿ ನಷ್ಟವೆಂದು ಮುಚ್ಚಿತು. ಹಳಿಯ ನಡುವೆ ಹುಲ್ಲು ಬೆಳೆಯಿತು. ಸೈಕಲ್ ಹಾದಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಆದರೆ ಆ ಸ್ವಾಯತ್ತ ಪ್ರಾಂತ್ಯ ಮಾರ್ಗವನ್ನು ತನ್ನ ವಶಕ್ಕೆ ತೆಗೆದುಕೊಂಡು, ದುರಸ್ತಿ ಮಾಡಿ, 2005ರ ಮೇ ತಿಂಗಳಿನಲ್ಲಿ ಮತ್ತೆ ರೈಲು ಓಡಿಸಿತು. ಸೈಕಲ್ಲಿಗೆ ಪಕ್ಕದಲ್ಲೇ ಬೇರೆ ದಾರಿ. ಸಾವಿರ ಮೀಟರ್ ಎತ್ತರದ ಮಾಲೆಸ್‌ಗೆ ರೈಲಿನಲ್ಲಿ ಹೋಗಿ, ಅಲ್ಲಿ ಸೈಕಲ್ ಬಾಡಿಗೆಗೆ ಪಡೆದು, ಸೇಬಿನ ತೋಟಗಳ ನಡುವೆ ಇಳಿಯುತ್ತ ಬಂದು, ಸಾಕೆನಿಸಿದ ಊರಿನ ನಿಲ್ದಾಣದಲ್ಲಿ ಒಪ್ಪಿಸಿ ಮತ್ತೆ ರೈಲು ಹತ್ತಬಹುದು. ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೋಗುವ ಮುದುಕರು, ಪ್ರವಾಸಿಗಳು ಒಂದೇ ಬೋಗಿಯಲ್ಲಿ. ಕಣಿವೆಗೆ ಎರಡೂ ಬೇಕಿತ್ತು, ಎರಡೂ ಸಿಕ್ಕಿತು. ನನ್ನ ಮಟ್ಟಿಗೆ ಇದು ಬಹುಮಾನ ಪಡೆದ ಮಾರ್ಗಕ್ಕಿಂತ ದೊಡ್ಡ ಸಾಧನೆ.

ಫೆಲ್ಲಾ ಕಣಿವೆಯ ಹೊಸ ಜೋಡಿ ಹಳಿ ಕೆಳಗಿನ ಕಾರ್ನಿಯಾ ನಿಲ್ದಾಣದಿಂದ ಮೇಲಿನ ಪೊಂಟೆಬ್ಬಾವರೆಗೆ ಬಹುಪಾಲು ಸುರಂಗದಲ್ಲಿದೆ. ನಡುವೆ ಪ್ರಯಾಣಿಕರಿಗೆ ನಿಲುಗಡೆಯಿಲ್ಲ. 2012ರಿಂದ ಊದಿನೆ ಮತ್ತು ಆಸ್ಟ್ರಿಯಾದ ಫಿಲ್ಲಾಖ್ ನಡುವೆ ಸೈಕಲ್ ಹೊರುವ ರೈಲೊಂದು ಓಡುತ್ತಿದೆ. ಕಡಲತೀರ ಮುಟ್ಟಿದ ಸವಾರರು ಅದರಲ್ಲಿ ಹಿಂದಿರುಗುತ್ತಾರೆ. ಕ್ಯೂಸಾಫೋರ್ಟೆ, ದೋನ್ಯಾ, ರೆಸಿಯೂತ್ತಾಗಳ ನಿವಾಸಿಗಳು ಅದೇ ರೈಲು ಹಿಡಿಯಬೇಕಾದರೆ ಬಸ್ಸಿನಲ್ಲೋ ಕಾರಿನಲ್ಲೋ ಮೊದಲು ಪೊಂಟೆಬ್ಬಾಕ್ಕೋ ಕಾರ್ನಿಯಾಕ್ಕೋ ಹೋಗಬೇಕು.